ಕಾಳಗದ ಆಟಗಳಲ್ಲಿ ಸರದಿ ಪದ್ಧತಿ ಮತ್ತು ನೈಜಕಾಲ ಪದ್ಧತಿ

ಸೈನ್ಯವನ್ನೋ ಸಣ್ಣ ತಂಡವನ್ನೋ ಮುನ್ನಡೆಸುವ ಆಟಗಳಲ್ಲಿ ಕಾಳಗ ಎರಡು ಬಗೆಯಲ್ಲಿ ಸಾಗುತ್ತದೆ. ಒಬ್ಬರ ನಡೆ ಮುಗಿದ ಮೇಲೆ ಇನ್ನೊಬ್ಬರು ನಡೆಯುವುದು ಸರದಿ ಪದ್ಧತಿ. ಎರಡೂ ಪಕ್ಷಗಳು ಏಕಕಾಲಕ್ಕೆ ಚಲಿಸುತ್ತ, ಯೋಚಿಸುತ್ತ ಕುಳಿತವನಿಗಾಗಿ ಗಡಿಯಾರ ಕಾಯದೆ ಇರುವುದು ನೈಜಕಾಲ ಪದ್ಧತಿ. ಎರಡನೆಯದು ಮೊದಲನೆಯದರ ಸುಧಾರಿತ ರೂಪವೆಂಬ ಪ್ರಚಲಿತ ತಿಳಿವಳಿಕೆಯನ್ನು ದಾಖಲೆಗಳು ಸಮರ್ಥಿಸುವುದಿಲ್ಲ.

ಸರದಿ ಪದ್ಧತಿಯ ಪ್ರಾಚೀನ ಮಾದರಿ ಚದುರಂಗ. ಅದರ ಚರಿತ್ರೆಯಲ್ಲಿ ದೀರ್ಘಕಾಲ ಗೊಂದಲವಿದ್ದುದು ದಾಳದ ವಿಷಯದಲ್ಲಿ. ನಾಲ್ವರು ಆಡುವ, ದಾಳದಲ್ಲಿ ಐದು ಬಿದ್ದರೆ ರಾಜ ಇಲ್ಲವೆ ಕಾಲಾಳು, ನಾಲ್ಕಕ್ಕೆ ಆನೆ, ಮೂರಕ್ಕೆ ಕುದುರೆ, ಎರಡಕ್ಕೆ ದೋಣಿ ನಡೆಯುವ ಚದುರಂಗವನ್ನು ವಿಲಿಯಂ ಜೋನ್ಸ್ 1790ರಲ್ಲಿ ಭವಿಷ್ಯಪುರಾಣದ ಹೆಸರಿನಲ್ಲಿ ಪರಿಚಯಿಸಿದನು. ಅದನ್ನೇ ನೆಚ್ಚಿ ಡಂಕನ್ ಫೋರ್ಬ್ಸ್ 1860ರಲ್ಲಿ, ದಾಳದ ಆಟವೇ ಮೂಲವೆಂದೂ ಅದಕ್ಕೆ ಸುಮಾರು ಐದು ಸಾವಿರ ವರ್ಷಗಳ ವಯಸ್ಸೆಂದೂ ವಾದಿಸಿದನು. ಆ ಭಾಗ ಪುರಾಣದಲ್ಲಿ ಸಿಗುವುದಿಲ್ಲವೆಂದೂ ಬಂಗಾಳದ ರಘುನಂದನನ ತಿಥಿತತ್ತ್ವವೆಂಬ ಬಹಳ ಈಚಿನ ಗ್ರಂಥದಲ್ಲಿದೆಯೆಂದೂ ವೆಬರ್ ಮತ್ತು ವಾನ್ ಡೆರ್ ಲಿಂಡೆ 1870ರ ದಶಕದಲ್ಲಿ ತೋರಿಸಿದ ಮೇಲೆ ಈ ವಾದ ಕುಸಿಯಿತು. ಆದರೂ ಅಲ್ಬೆರೂನಿ ಸುಮಾರು 1030ರಲ್ಲಿಯೇ ನಾಲ್ವರ ದಾಳದಾಟವನ್ನು ವರ್ಣಿಸಿರುವುದರಿಂದ, ಅದನ್ನು ತೀರ ಈಚಿನದೆಂದು ತಳ್ಳಿಹಾಕುವುದೂ ಸರಿಯಲ್ಲ.

ಇಷ್ಟೆಲ್ಲ ಚರ್ಚೆ ನಡೆದಾಗ ಕನ್ನಡನಾಡಿನ ಮುಖ್ಯ ಸಾಕ್ಷ್ಯ ಇನ್ನೂ ಅಚ್ಚಾಗಿರಲಿಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ಕಾಲದಲ್ಲಿ, ಸುಮಾರು 1129ರಲ್ಲಿ ಸಿದ್ಧವಾದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದ ಐದನೆಯ ಭಾಗವಾದ ಕ್ರೀಡಾವಿಂಶತಿಯಲ್ಲಿ ಚದುರಂಗದ ವಿವರವಾದ ನಿರೂಪಣೆಯಿದೆ. ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಇದರ ಮೊದಲ ಸಂಪುಟ 1925ರಲ್ಲೂ ಕೊನೆಯದು 1961ರಲ್ಲೂ ಹೊರಬಂದವು. ಚದುರಂಗದ ಚರಿತ್ರೆ ಬರೆಯುವವರು ತಿಥಿತತ್ತ್ವಕ್ಕಿಂತ ಮೊದಲು ನೋಡಬೇಕಾದ ಗ್ರಂಥವಿದು.

ಚದುರಂಗವು ಕೈಬಿಟ್ಟ ದಾಳವನ್ನು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಮೇಜಿನ ಆಟ 1974ರಲ್ಲಿ ಮತ್ತೆ ಕಾಳಗದ ಕೇಂದ್ರಕ್ಕೆ ತಂದಿತು. ಆಟಗಾರನು ಒಂದು ಪಾತ್ರವಾಗಿ ಬೆಳೆಯುವ ಕಂಪ್ಯೂಟರ್ ಆಟಗಳು ಅದರ ನಿಯಮಗಳನ್ನು ಅನುಸರಿಸಿದವು. ಬೇಕಾದಾಗ ಕಾಲವನ್ನು ತಡೆದು ಆಜ್ಞೆ ಕೊಡಬಹುದಾದ ನೈಜಕಾಲದ ಕಾಳಗಕ್ಕೆ 1998ರ ಬಾಲ್ಡರ್ಸ್ ಗೇಟ್ ಮೂಲವೆಂದು ಹೇಳುವುದುಂಟಾದರೂ, 1992ರ ಡಾರ್ಕ್‌ಲ್ಯಾಂಡ್ಸ್ ಆಟದಲ್ಲಿ ಅದು ಆಗಲೇ ಇತ್ತು. ಎರಡು ಪದ್ಧತಿಗಳಲ್ಲಿ ಯಾವುದು ಬೇಕೆಂಬ ಆಯ್ಕೆಯನ್ನು ಆಟಗಾರನಿಗೇ ಬಿಟ್ಟದ್ದು ಇದಕ್ಕಿಂತ ದೊಡ್ಡ ತಿರುವು. 1997ರ ಎಕ್ಸ್-ಕಾಮ್ ಅಪಾಕಲಿಪ್ಸ್, 2001ರ ಆರ್ಕೇನಮ್ ಮತ್ತು ಫಾಲ್‌ಔಟ್ ಟ್ಯಾಕ್ಟಿಕ್ಸ್ ಈ ದಾರಿ ಹಿಡಿದವು. ಆದರೆ ಒಂದೇ ಆಯುಧದ ವೇಗವನ್ನೂ ಒಂದೇ ಶತ್ರುವಿನ ಬಲವನ್ನೂ ಎರಡು ಕಾಲಗತಿಗಳಿಗೆ ಹೊಂದಿಸುವುದು ಕಠಿಣವಾದುದರಿಂದ, ಸಾಮಾನ್ಯವಾಗಿ ಒಂದು ಪದ್ಧತಿ ಸೊರಗುತ್ತದೆ. ಆರ್ಕೇನಮ್‌ನಲ್ಲಿ ಸೊರಗಿದ್ದು ನೈಜಕಾಲ.

2018ರಲ್ಲಿ ನೈಜಕಾಲದ ಆಟವಾಗಿ ಹೊರಬಂದ ಪಿಲ್ಲರ್ಸ್ ಆಫ್ ಎಟರ್ನಿಟಿಯ ಎರಡನೆಯ ಭಾಗಕ್ಕೆ 2019ರಲ್ಲಿ ಸರದಿ ಪದ್ಧತಿಯನ್ನು ಸೇರಿಸಲಾಯಿತು. ಬೆಲ್ಜಿಯಂನ ಲೇರಿಯನ್ ಸಂಸ್ಥೆ 2023ರಲ್ಲಿ ಪೂರ್ಣರೂಪದಲ್ಲಿ ಹೊರತಂದ ಬಾಲ್ಡರ್ಸ್ ಗೇಟ್ ಸರಣಿಯ ಮೂರನೆಯ ಆಟವು ಮೊದಲೆರಡು ಆಟಗಳ ನೈಜಕಾಲವನ್ನು ಬಿಟ್ಟು, ಕಾಳಗವನ್ನು ಸಂಪೂರ್ಣವಾಗಿ ಸರದಿ ಪದ್ಧತಿಯಲ್ಲಿ ರೂಪಿಸಿತು.