ಗಾಜು ಹುಡುಕಿದವರಿಗೆ ಸಿಕ್ಕ ಅಂಟು

1951ರಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಈಸ್ಟ್‌ಮನ್ ಕೊಡಾಕ್ ಪ್ರಯೋಗಾಲಯದಲ್ಲಿ ಫ್ರೆಡ್ ಜಾಯ್ನರ್ ಎಂಬ ರಸಾಯನಶಾಸ್ತ್ರಜ್ಞರು ರಿಫ್ರ್ಯಾಕ್ಟೋಮೀಟರಿನ ಎರಡು ಪಟ್ಟಕಗಳ ನಡುವೆ ಒಂದು ಹನಿ ದ್ರವ ಹಚ್ಚಿದರು. ಅದರಲ್ಲಿ ಬೆಳಕು ಎಷ್ಟು ಬಾಗುತ್ತದೆಂದು ನೋಡುವುದಷ್ಟೇ ಉದ್ದೇಶ. ನೋಡಿದ್ದಾಯಿತು, ಆದರೆ ಪಟ್ಟಕಗಳು ಮತ್ತೆ ಬಿಡಲಿಲ್ಲ. ದುಬಾರಿ ಉಪಕರಣ ಕೆಟ್ಟಿತು.

ಅವರ ತಂಡ ಹುಡುಕುತ್ತಿದ್ದುದು ಅಂಟನ್ನಲ್ಲ. ಜೆಟ್ ವಿಮಾನದ ಪೈಲಟ್ ತಲೆಯ ಮೇಲಿನ ಪಾರದರ್ಶಕ ಮುಚ್ಚಳಕ್ಕೆ, ಅಂದರೆ ಕ್ಯಾನೊಪಿಗೆ, ಶಾಖ ತಡೆಯುವ ಪ್ಲಾಸ್ಟಿಕ್ ಬೇಕಿತ್ತು. (ಈ ಇಂಗ್ಲಿಷ್ ಪದದ ಬೇರು ಗ್ರೀಕರ ಸೊಳ್ಳೆಪರದೆ. ನಮ್ಮ ‘ಮೇಲ್ಕಟ್ಟು’ ಇದಕ್ಕೆ ಚೆನ್ನಾಗಿಯೇ ಒಪ್ಪುತ್ತದೆ, ಆದರೆ ಬಳಸುವವರು ಯಾರೂ ಇಲ್ಲ.) ತಂಡದ ಮುಖ್ಯಸ್ಥ ಹ್ಯಾರಿ ಕೂವರ್ ಅವರಿಗೆ ಈ ಜಾತಿಯ ದ್ರವದ ಪರಿಚಯ ಹಳೆಯದು. 1942ರಲ್ಲಿ ಬಂದೂಕಿನ ಗುರಿಗಾಜಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುವಾಗಲೂ ಅದು ಮುಟ್ಟಿದ್ದಕ್ಕೆಲ್ಲ ಅಂಟಿಕೊಂಡು ಕಾಟ ಕೊಟ್ಟಿತ್ತು. ಆಗ ಮೂಲೆಗೆ ತಳ್ಳಿದ್ದರು. ಈ ಸಲ ಬೇರೆ ಕಣ್ಣಿನಿಂದ ನೋಡಿದರು. 1958ರಲ್ಲಿ ಅದು ‘ಈಸ್ಟ್‌ಮನ್ 910’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ನಮ್ಮ ಕಿರಾಣಿ ಅಂಗಡಿಗಳಲ್ಲಿ ತೂಗಾಡುವ ಫೆವಿಕ್ವಿಕ್ ಅದರ ಬಂಧುವೇ.

ಹೀಗೆ ಎರಡು ಸಲ ಪಾರದರ್ಶಕ ವಸ್ತುವಿನ ಹುಡುಕಾಟದಲ್ಲಿ ಕೈಗೆ ಸಿಕ್ಕ ಈ ಅಂಟನ್ನು, ಪ್ಲಾಸ್ಟಿಕ್ ಮಾದರಿ ವಿಮಾನ ಕಟ್ಟುವವರು ಕ್ಯಾನೊಪಿಯ ಹತ್ತಿರ ಮಾತ್ರ ಬಿಟ್ಟುಕೊಳ್ಳುವುದಿಲ್ಲ. ಕಾರಣ ಅದರ ಆವಿ. ಗಾಳಿಯ ತೇವದೊಂದಿಗೆ ಸೇರಿ ಅದು ಹತ್ತಿರದ ಮೇಲ್ಮೈಯ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ಬೆರಳಿನ ಜಿಡ್ಡು ಇದ್ದಲ್ಲಿ ಇನ್ನೂ ದಟ್ಟವಾಗಿ ಕೂರುತ್ತದೆ. ಕಳ್ಳರ ಬೆರಳಚ್ಚು ಎತ್ತಲು ಪೊಲೀಸರು ಬಳಸುವುದು ಇದೇ ಗುಣವನ್ನು. ಸಂಜೆ ಅಂಟಿಸಿ ಮಲಗಿದವರಿಗೆ ಬೆಳಿಗ್ಗೆ ಮಂಜು ಕವಿದ ಕಾಕ್‌ಪಿಟ್, ಅದರ ಮೇಲೆ ತಮ್ಮದೇ ಹೆಬ್ಬೆರಳ ಗುರುತು ಕಾಣುವುದುಂಟು.

ಮಾದರಿ ವಿಮಾನಗಳ ಆರಂಭದ ಕಾಲಕ್ಕೆ ಈ ಚಿಂತೆ ಇರಲಿಲ್ಲ. ಬ್ರಿಟನ್ನಿನ ಫ್ರಾಗ್ ಕಂಪನಿ 1936ರಲ್ಲಿ ‘ಪೆಂಗ್ವಿನ್’ ಎಂಬ ಹೆಸರಿನಲ್ಲಿ 1/72 ಅಳತೆಯ ಪ್ಲಾಸ್ಟಿಕ್ ಕಿಟ್‌ಗಳನ್ನು ತಂದಿತು. ಆರಡಿಯ ಮನುಷ್ಯ ಒಂದಂಗುಲವಾಗುವ ಅಳತೆ ಇದು. ಹಾರದ ವಿಮಾನಕ್ಕೆ ಹಾರದ ಹಕ್ಕಿಯ ಹೆಸರು. ಅವುಗಳ ಸೆಲ್ಯುಲೋಸ್ ಅಸಿಟೇಟ್ ವರ್ಷಗಳು ಕಳೆದಂತೆ ಸೊಟ್ಟಗಾಗುತ್ತಿತ್ತು. ಆಮೇಲೆ ಯುದ್ಧ ಬಂತು. ಶತ್ರು ವಿಮಾನವನ್ನು ಆಕಾರದಿಂದಲೇ ಗುರುತಿಸುವುದನ್ನು ಕಲಿಸಲು ಅಮೆರಿಕದ ನೌಕಾಪಡೆ ಶಾಲಾ ಮಕ್ಕಳಿಂದ 5,00,000 ಮರದ ಮಾದರಿಗಳನ್ನು ಕೇಳಿತು. ಷಿಕಾಗೋದ ಕ್ರೂವರ್ ಕಂಪನಿ ಪ್ಲಾಸ್ಟಿಕ್ಕಿನಲ್ಲಿ ಕಪ್ಪು ಮಾದರಿಗಳನ್ನು ಅಚ್ಚು ಹಾಕಿತು. ಅವುಗಳಲ್ಲಿ ಕ್ಯಾನೊಪಿಯೂ ಕಪ್ಪೇ, ಏಕೆಂದರೆ ಬೇಕಿದ್ದುದು ನೆರಳಿನ ಆಕಾರ. ಒಳಗೆ ಕೂತವನನ್ನು ನೋಡುವ ಅಗತ್ಯ ಯಾರಿಗೂ ಇರಲಿಲ್ಲ.

ಒಳಗೆ ಕೂತವನು ಬಂದದ್ದು ಯುದ್ಧ ಮುಗಿದ ಮೇಲೆ, ಪಾಲಿಸ್ಟೈರೀನ್ ಕಾಲದಲ್ಲಿ. ಬಾಚಣಿಗೆ ಮಾಡುತ್ತಿದ್ದ ಲಂಡನ್ನಿನ ಏರ್‌ಫಿಕ್ಸ್ 1952ರಲ್ಲಿ ವೂಲ್‌ವರ್ತ್ಸ್ ಅಂಗಡಿಗಳಿಗೆ 2 ಶಿಲಿಂಗಿನ ಹಡಗಿನ ಕಿಟ್ ಕೊಟ್ಟಿತು, ಮರುವರ್ಷ ಸ್ಪಿಟ್‌ಫೈರ್. ಬೆಂಗಳೂರಿನ ಎಚ್‌ಎಎಲ್ ಪರವಾನಗಿ ಪಡೆದು ತಯಾರಿಸಿದ ನ್ಯಾಟ್ ಕೂಡ ಮುಂದೆ ಏರ್‌ಫಿಕ್ಸ್ ಕಿಟ್ ಆಯಿತು.

ಕಿಟ್‌ನಲ್ಲಿ ರೆಕ್ಕೆ, ಒಡಲು ಎಲ್ಲಕ್ಕೂ ಬಳಸುವ ಪಾಲಿಸ್ಟೈರೀನಿಗೆ ಸ್ವಲ್ಪ ರಬ್ಬರ್ ಬೆರೆಸಿರುತ್ತಾರೆ. ಅದರಿಂದಲೇ ಅದು ಚಾಕುವಿಗೆ ಬಗ್ಗುತ್ತದೆ, ಒತ್ತಡ ತಾಳುತ್ತದೆ. ಆದರೆ ರಬ್ಬರ್ ಬೆರೆತರೆ ಬೆಳಕು ಚದುರಿ ಪ್ಲಾಸ್ಟಿಕ್ ಹಾಲಿನಂತಾಗುತ್ತದೆ. ಪಾರದರ್ಶಕ ತುಂಡಿಗೆ ಅದನ್ನು ಬೆರೆಸುವ ಹಾಗಿಲ್ಲ. ಹಾಗಾಗಿ ಅದು ಗಾಜಿನಷ್ಟೇ ಮೊಂಡು. ಚೌಕಟ್ಟಿನಿಂದ ತಿರುಚಿ ಮುರಿದರೆ ಬಿರುಕು ಒಳಕ್ಕೇ ಓಡುತ್ತದೆ. ಅನುಭವಸ್ಥರು ಹರಿತವಾದ ಸಣ್ಣ ಗರಗಸದಲ್ಲಿ, ತುಂಡಿನಿಂದ ದೂರದಲ್ಲೇ ಕೊಯ್ದು, ಉಳಿದದ್ದನ್ನು ಉಜ್ಜಿ ತೆಗೆಯುತ್ತಾರೆ. ಬಣ್ಣ ತಪ್ಪಿದರೆ ತೊಳೆಯಬಹುದು, ರೆಕ್ಕೆ ಮುರಿದರೆ ಮೆತ್ತಬಹುದು, ಬಿರುಕಿಗೆ ಮದ್ದಿಲ್ಲ. ಇನ್ನೊಂದು ತೊಂದರೆ ದಪ್ಪದ್ದು. 1 ಮಿಲಿಮೀಟರ್ ದಪ್ಪದ ತುಂಡನ್ನು 72ರಿಂದ ಗುಣಿಸಿದರೆ 7 ಸೆಂಟಿಮೀಟರ್ ದಾಟುತ್ತದೆ. ಅಷ್ಟು ದಪ್ಪದ ಗಾಜು ಹೊತ್ತು ಸ್ಪಿಟ್‌ಫೈರ್ ಎಲ್ಲಿ ಹಾರೀತು?

ನಿಜವಾದ ಸ್ಪಿಟ್‌ಫೈರ್, ಹರಿಕೇನ್‌ಗಳದ್ದು ಬೇರೆಯೇ ಪ್ಲಾಸ್ಟಿಕ್: ಪರ್ಸ್‌ಪೆಕ್ಸ್ ಎಂಬ ಅಕ್ರಿಲಿಕ್. ಅದರ ಮೇಲಿನ ಒಂದು ಚುಕ್ಕೆಯನ್ನು ದೂರದ ಶತ್ರು ವಿಮಾನವೆಂದು ಪೈಲಟ್ ತಪ್ಪು ತಿಳಿಯಬಹುದಿತ್ತು. ಅದಕ್ಕೇ ಅದನ್ನು ಉಜ್ಜಿ ಉಜ್ಜಿ ಹೊಳೆಸುತ್ತಿದ್ದರು. 1940ರ ಆಗಸ್ಟ್ 15ರಂದು ಹರಿಕೇನ್ ಪೈಲಟ್ ಗಾರ್ಡನ್ ಕ್ಲೀವರ್ ಅವರ ಕ್ಯಾನೊಪಿಗೆ ಗುಂಡು ಬಡಿದು ಚೂರುಗಳು ಎರಡೂ ಕಣ್ಣಿಗೆ ಹೊಕ್ಕವು. ಒಂದು ಕಣ್ಣು ಹೋಯಿತು. ಇನ್ನೊಂದರಲ್ಲಿ ಚೂರುಗಳು ಉಳಿದವು, ಆದರೂ ಕಣ್ಣು ಅವುಗಳ ವಿರುದ್ಧ ಕೆರಳಲಿಲ್ಲ. ಇದನ್ನು ಗಮನಿಸಿದ ವೈದ್ಯ ಹೆರಾಲ್ಡ್ ರಿಡ್ಲಿ 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅದೇ ಜಾತಿಯ ಪ್ಲಾಸ್ಟಿಕ್ಕಿನ ಮಸೂರವನ್ನು ರೋಗಿಯೊಬ್ಬರ ಕಣ್ಣಿನೊಳಗೆ ಇಟ್ಟರು. ಇಂದು ಪೊರೆ ತೆಗೆದು ‘ಲೆನ್ಸ್ ಹಾಕಿಸಿಕೊಂಡ’ ಅಜ್ಜ ಅಜ್ಜಿಯರಿಗೆಲ್ಲ ದಾರಿ ತೆರೆದದ್ದು ಆ ಚೂರುಗಳು. ಎಲ್ಲ ಪಾರದರ್ಶಕ ತುಂಡುಗಳಲ್ಲಿ ಅತಿ ಚಿಕ್ಕದೂ ಅತಿ ನಾಜೂಕಿನದೂ ಇದೇ ಇರಬೇಕು.

ಮಾದರಿ ಕಟ್ಟುವವರ ಮೇಜಿಗೂ ಅಕ್ರಿಲಿಕ್ ಬಂತು, ನೆಲ ಒರೆಸುವವರ ದಾರಿಯಿಂದ. ಜಾನ್ಸನ್ ಕಂಪನಿಯ ‘ಫ್ಯೂಚರ್’ ಎಂಬ ನೆಲದ ಪಾಲಿಶ್ ತೆಳುವಾದ ಅಕ್ರಿಲಿಕ್ ದ್ರವವಾಗಿತ್ತು. ಅಂಥದರಲ್ಲಿ ಕ್ಯಾನೊಪಿಯನ್ನು ಅದ್ದಿ, ಅಂಚಿನ ಹನಿಯನ್ನು ಕಾಗದಕ್ಕೆ ಹೀರಿಸಿ, ಧೂಳು ಬೀಳದಂತೆ ಬೋಗುಣಿ ಕವುಚಿಟ್ಟರೆ ಗೀರುಗಳು ತುಂಬಿಕೊಂಡು ತುಂಡು ತಿಳಿಯಾಗುತ್ತದೆ. ಅಂಟಿನ ಆವಿಗೂ ಸ್ವಲ್ಪ ಅಡ್ಡಿಯಾಗುತ್ತದೆ. ಕೂರಿಸಲು ಮಾತ್ರ ಮಕ್ಕಳ ಶಾಲೆಯ ಚೀಲದಲ್ಲಿರುವ ಫೆವಿಕಾಲ್‌ನಂಥ ಬಿಳಿ ಅಂಟೇ ಸಾಕು. ಹೆಚ್ಚಾದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದು, ಒಣಗಿದರೆ ಕಾಣದಂತಾಗುತ್ತದೆ. ತೀರಾ ಪುಟ್ಟ ಕಿಟಕಿಗಳಿಗೆ ಗಾಜೇ ಬೇಡ: ಕಡ್ಡಿಯ ತುದಿಯಲ್ಲಿ ಆ ಅಂಟನ್ನು ತೂತಿನ ಅಂಚಿಗೆ ಹಚ್ಚಿ ಎಳೆದರೆ ಸಾಬೂನಿನ ಗುಳ್ಳೆಯಂತೆ ಪೊರೆ ಕಟ್ಟುತ್ತದೆ. ಪಾಲಿಶ್ ಲೇಪ ಕೆಟ್ಟರೆ ಅಮೋನಿಯಾ ಇರುವ ಗಾಜಿನ ಕ್ಲೀನರ್‌ನಲ್ಲಿ ನೆನೆಹಾಕಿ ತೆಗೆದು, ಒಣಗಿಸಿ, ಮತ್ತೆ ಅದ್ದುತ್ತಾರೆ.