ಕಾರ್ಕಳದ ಉಳಿ, ಗ್ಯಾರೇಜಿನ ಬಿಟ್

ಉಕ್ಕಿಗೆ ಹದ ಕೊಡುವ ವಿದ್ಯೆ ಕಾರ್ಕಳಕ್ಕೆ ಹಳೆಯದು. 1432ರಲ್ಲಿ ವೀರ ಪಾಂಡ್ಯ ಭೈರರಸ ನಿಲ್ಲಿಸಿದ ಸುಮಾರು 42 ಅಡಿಯ ಗೊಮ್ಮಟ ಏಕಶಿಲೆಯದು. ಅಂಥ ಗಟ್ಟಿ ಕಲ್ಲಿಗೆ ಉಳಿಯ ಮೊನೆ ಬೇಗ ಸವೆಯುತ್ತದೆ. ಕುಲುಮೆಯಲ್ಲಿ ಕಾಯಿಸಿ, ಬಡಿದು, ನೀರಿಗೆ ಅದ್ದಿ ಮತ್ತೆ ಹದಗೊಳಿಸಬೇಕು. ಹದ ಕಡಿಮೆಯಾದರೆ ಮೊನೆ ಮಡಚುತ್ತದೆ, ಮಿತಿ ಮೀರಿದರೆ ಸಿಡಿಯುತ್ತದೆ. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಶಿಲ್ಪಿ ರೆಂಜಾಳ ಗೋಪಾಲ ಶೆಣೈ ಕಡೆದದ್ದೂ ಕಾರ್ಕಳದಲ್ಲೇ.

ಮೋಟಾರು ಬಂದಾಗ ಉಕ್ಕಿನ ಹದದ ಇದೇ ಪ್ರಶ್ನೆ ಗ್ಯಾರೇಜಿಗೂ ಬಂತು.

1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ, ಅಂದರೆ ಕರಾವಳಿಯ ಬಸ್ ಸಂಸ್ಥೆ ಸಿಪಿಸಿ, ಹುಟ್ಟಿತು. ಬಸ್ಸು ಓಡಿದ ಕಡೆ ಮೆಕ್ಯಾನಿಕ್ ಬೇಕೇ ಬೇಕು. ಹೊರಗೆ ಆರು ಮೂಲೆಯಿದ್ದ ಬೋಲ್ಟಿಗೆ ಪಾನಾ ಸಾಕಾಗುತ್ತಿತ್ತು. ತಲೆಯೊಳಗೇ ಆರು ಮೂಲೆಯ ಕುಳಿಯಿರುವ ಸ್ಕ್ರೂ ತಯಾರಿಸುವ ವಿಧಾನಕ್ಕೆ ಅಮೆರಿಕದ ವಿಲಿಯಂ ಅಲೆನ್ 1910ರಲ್ಲಿ ಪೇಟೆಂಟ್ ಪಡೆದಿದ್ದ. ಅಲೆನ್ ಕೀ ಎಂಬ ಹೆಸರು ಅಲ್ಲಿಂದಲೇ ಬಂದದ್ದು.

ಇಂದು ಉಡುಪಿ, ಮಣಿಪಾಲದ ಗ್ಯಾರೇಜುಗಳಿಗೆ ಬರುವ ಎಷ್ಟೋ ಕಾರುಗಳ ಬ್ರೇಕ್ ಕ್ಯಾಲಿಪರ್ ಬಿಚ್ಚಲು ಹೆಕ್ಸ್ ಬಿಟ್ ಸಾಕೆಟ್, ಅಂದರೆ ಅಲೆನ್ ಕೀಯಂತೆ ಆರು ಮೂಲೆಯ ಬಿಟ್ ಕೂಡಿಸಿದ ಸಾಕೆಟ್, ಬೇಕು. ಕಾಪುವಿನಂಥ ಕಡಲ ಊರಿನಲ್ಲಿ ಉಪ್ಪುಗಾಳಿಗೆ ಬೋಲ್ಟ್ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ; ಅಗ್ಗದ ಬಿಟ್‌ನ ಮೂಲೆ ಅಲ್ಲೇ ಉರುಟಾಗಿ, ಬೋಲ್ಟಿನ ಕುಳಿಯೂ ಹಾಳಾಗುತ್ತದೆ. ಹಾಗಾಗಿ ಬಿಟ್‌ಗೆ ಆಘಾತ ತಾಳುವ ಎಸ್2 ಉಕ್ಕು, ಸಾಕೆಟ್ಟಿಗೆ ಕ್ರೋಮ್ ವನೇಡಿಯಂ ಒಳ್ಳೆಯ ಜೋಡಿ. ಸವೆದ ಬಿಟ್ ಮಾತ್ರ ಬದಲಿಸುವಂತಿದ್ದರೆ ಇನ್ನೂ ಉತ್ತಮ. ಗುಂಡು ತುದಿಯ ಬಿಟ್ ಓರೆಯಾಗಿ ತಿರುಗಿಸಲು ಅನುಕೂಲ, ಆದರೆ ಬಿಗಿದ ಬೋಲ್ಟಿಗೆ ಅದನ್ನು ಹಾಕಲೇಬಾರದು: ಅದರ ಕತ್ತು ತೆಳುವಾದ್ದರಿಂದ ಮುರಿದು ಕುಳಿಯಲ್ಲೇ ಉಳಿದುಬಿಡಬಹುದು.