ಕುಡಿತದ ನೆಪ, ಕಡಲಿನ ನೆಪ: ‘ಅನ್ನಾ ಕ್ರಿಸ್ಟಿ’ (1930) ಚಿತ್ರದ ತಂದೆ

ಅಪ್ಪ ಕುಡಿದ, ಮನೆ ಕೆಟ್ಟಿತು, ಮಗಳು ದೂರವಾದಳು. ಕುಡುಕ ತಂದೆಯ ಕಥೆಗಳನ್ನು ನಾವು ಹೀಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತೇವೆ. ಎಂಜಿಎಂ ಸಂಸ್ಥೆಗಾಗಿ ಕ್ಲಾರೆನ್ಸ್ ಬ್ರೌನ್ ನಿರ್ದೇಶಿಸಿದ ‘ಅನ್ನಾ ಕ್ರಿಸ್ಟಿ’ಯನ್ನೂ ಈ ಸಾಲಿಗೆ ಸೇರಿಸುವುದುಂಟು. ಹಾಗಲ್ಲದಿದ್ದರೆ, ಗ್ರೆಟಾ ಗಾರ್ಬೊಳ ಮೊದಲ ವಾಕ್ಚಿತ್ರವೆಂಬ ಒಂದೇ ಕಾರಣಕ್ಕೆ ಅದನ್ನು ನೆನೆಯುತ್ತಾರೆ. ಚಿತ್ರವನ್ನೂ ಅದಕ್ಕೆ ಮೂಲವಾದ ಯೂಜೀನ್ ಓನೀಲ್‌ನ ನಾಟಕವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಈ ಕಾರ್ಯಕಾರಣ ಸಂಬಂಧ ನಿಲ್ಲುವುದಿಲ್ಲ ಎಂಬುದು ಈ ಲೇಖನದ ವಾದ. ಮಗಳು ಕೈತಪ್ಪಿದ್ದು ತಂದೆ ಬಿಟ್ಟುಹೋದದ್ದರಿಂದ. ಕುಡಿತ ಆ ತಪ್ಪನ್ನು ಮರೆಸುತ್ತದೆ, ಅಷ್ಟೆ.

ಕ್ರಿಸ್ ಕ್ರಿಸ್ಟೋಫರ್‌ಸನ್ ಸ್ವೀಡನ್ ಮೂಲದ ಹಳೆಯ ನಾವಿಕ. ಈಗ ಒಂದು ಕಲ್ಲಿದ್ದಲು ಬಾರ್ಜಿನ ಯಜಮಾನ. ತಾಯಿ ತೀರಿಕೊಂಡ ಮಗಳನ್ನು ಮಿನೆಸೋಟದ ನೆಂಟರ ಹೊಲಮನೆಯಲ್ಲಿ ಬಿಟ್ಟು ಹದಿನೈದು ವರ್ಷ ಅತ್ತ ಮುಖ ಹಾಕಿಲ್ಲ. ನೆಲದ ಮೇಲೆ ಬೆಳೆದರೆ ಮಗಳು ಕಡಲಿನ ಕಣ್ಣಿಗೆ ಬೀಳುವುದಿಲ್ಲ, ನಾವಿಕನ ಹೆಂಡತಿಯಾಗಿ ಕೊರಗುವುದಿಲ್ಲ ಎಂಬುದು ಅವನ ಸಮರ್ಥನೆ. ಕಾಪಾಡಬೇಕಾದ ಆ ನೆಲದ ಮೇಲೆಯೇ ಅವಳು ಆಳಿನಂತೆ ದುಡಿಯುತ್ತಾಳೆ, ನೆಂಟರ ಮಗನಿಂದಲೇ ಕೆಡುತ್ತಾಳೆ, ಕೊನೆಗೆ ಪಟ್ಟಣದ ವೇಶ್ಯಾಗೃಹ ಸೇರುತ್ತಾಳೆ. ಕಾಯಿಲೆಯಿಂದ ಎದ್ದವಳು ಸುಧಾರಿಸಿಕೊಳ್ಳಲು ತಂದೆಯ ಬಳಿಗೆ ಬರುತ್ತಾಳೆ. ನಮ್ಮ ‘ತವರು’ ಎಂಬ ಮಾತನ್ನು ಇಲ್ಲಿ ಬಳಸಬಹುದಾದರೆ, ಅನ್ನಾಳದು ತಾಯಿಯಿಲ್ಲದ, ನೆಲವೂ ಇಲ್ಲದ, ನೀರಿನ ಮೇಲೆ ಕಟ್ಟಿಹಾಕಿದ ತವರು.

ಅವಳು ಮೊದಲು ಕಾಲಿಡುವುದು ನ್ಯೂಯಾರ್ಕ್ ಬಂದರಿನ ಹೆಂಡದಂಗಡಿಗೆ. ಚಿತ್ರ ಶುರುವಾಗಿ ಹದಿನಾರು ನಿಮಿಷಗಳಷ್ಟು ಕಾಲ ಗಾರ್ಬೊ ಕಾಣುವುದೂ ಇಲ್ಲ, ಕೇಳುವುದೂ ಇಲ್ಲ. ‘ಗಾರ್ಬೊ ಮಾತಾಡುತ್ತಾಳೆ’ ಎಂಬ ಜಾಹೀರಾತನ್ನು ನಂಬಿ ಬಂದ ಪ್ರೇಕ್ಷಕರ ಕಿವಿಗೆ ಕಡೆಗೂ ಬಿದ್ದ ಮೊದಲ ಮಾತು ವಿಸ್ಕಿಗೆ ಕೊಟ್ಟ ಆರ್ಡರು. ಇದನ್ನು ತಾರೆಯ ಮೆರುಗೆಂದು ಹೊಗಳಿದವರೇ ಹೆಚ್ಚು. ನನಗೆ ಅದು ಕಥೆಯ ಕೀಲಿಯಾಗಿ ಕಾಣುತ್ತದೆ: ತಂದೆಯನ್ನು ನೋಡುವ ಮೊದಲೇ ಮಗಳು ಅವನ ಚಟವನ್ನು ತನ್ನದಾಗಿಸಿಕೊಂಡು ಬಂದಿದ್ದಾಳೆ, ಅದೂ ಅವನ ನೆರಳು ಸುಳಿಯದ ಕಡೆ ಬೆಳೆದು. ಆಮೇಲೆ ಅಲ್ಲಿಗೆ ಬರುವ ತಂದೆಗೆ ಇದರ ಸುಳಿವಿಲ್ಲ. ನಾಟಕದಲ್ಲಂತೂ ಅವನು ಮಗಳ ಕಾಗದ ಕಂಡೊಡನೆ ಅಮಲು ಇಳಿಯಲೆಂದು ಊಟ ಮಾಡಿಬರುತ್ತಾನೆ, ಅವಳಿಗೆ ಬಲು ಸಂಕೋಚದಿಂದ ಒಂದಿಷ್ಟು ಪೋರ್ಟ್ ವೈನ್ ತರಿಸುತ್ತಾನೆ. ಆಗತಾನೇ ವಿಸ್ಕಿ ಕುಡಿದ ಮಗಳು ಆ ಲೋಟವನ್ನು ಏನೂ ಅರಿಯದವಳಂತೆ ತುಟಿಗೆ ಹಚ್ಚುತ್ತಾಳೆ. ಇಬ್ಬರೂ ಒಬ್ಬರಿಗೊಬ್ಬರು ಸಭ್ಯರ ವೇಷ ಹಾಕಿಕೊಳ್ಳುವ ಈ ಘಳಿಗೆಯಷ್ಟು ನೋವಿನದು ಇಡೀ ಕೃತಿಯಲ್ಲಿ ಇನ್ನೊಂದಿಲ್ಲ.

ಅಮೆರಿಕದಲ್ಲಿ ಪಾನನಿಷೇಧ ಜಾರಿಗೆ ಬಂದದ್ದು 1920ರಲ್ಲಿ, ಅದು ತೆರವಾದದ್ದು 1933ರಲ್ಲಿ. ನಾಟಕದ 1921ರ ಮೊದಲ ಪ್ರಯೋಗವೂ 1930ರ ಚಿತ್ರವೂ ಆ ಅವಧಿಯೊಳಗೇ ಬಂದವು. ಮದ್ಯ ಮಾರುವುದೇ ಅಪರಾಧವಾಗಿದ್ದ ದೇಶದ ಪ್ರೇಕ್ಷಕರು ಹೆಂಡದಂಗಡಿಯ ದೃಶ್ಯವನ್ನು ದುಡ್ಡು ಕೊಟ್ಟು ನೋಡಿದರು.

ಕ್ರಿಸ್‌ನ ಪಾತ್ರ ಜಾರ್ಜ್ ಎಫ್. ಮೇರಿಯನ್‌ನದು. 1921ರ ರಂಗಪ್ರಯೋಗದಲ್ಲಿ, 1923ರ ಮೂಕಿ ಚಿತ್ರದಲ್ಲಿ, ಮತ್ತೆ ಇಲ್ಲಿ, ಹೀಗೆ ಮೂರು ಬಾರಿ ಅವನೇ ಈ ತಂದೆಯಾದ. ಕ್ಯಾಮೆರಾದ ಮುಂದೆ ಅವನ ಅಭಿನಯ ತುಸು ಹೆಚ್ಚು ನಾಟಕೀಯವೆನಿಸುವುದು ನಿಜ. ಆದರೆ ಒಂದೇ ನೆಪವನ್ನು ವರ್ಷಾನುಗಟ್ಟಲೆ ಒಪ್ಪಿಸಿ ನಾಲಿಗೆಗೆ ರೂಢಿಯಾದ ಮನುಷ್ಯನಿಗೆ ಈ ಗಿಳಿಪಾಠದ ಧಾಟಿ ಒಪ್ಪುತ್ತದೆ. ಕೆಟ್ಟದ್ದಕ್ಕೆಲ್ಲ ಕಡಲೇ ಕಾರಣ, ಅದೊಂದು ಮುದಿ ಪಿಶಾಚಿ ಎಂದು ಅವನು ಬಯ್ಯುತ್ತಲೇ ಇರುತ್ತಾನೆ. ಅವನ ನಿಜವಾದ ಅಮಲು ಈ ದೂರು. ಹೆಂಡದ್ದು ಬೆಳಗಾದರೆ ಇಳಿಯುತ್ತದೆ, ಇದು ಇಳಿಯುವುದಿಲ್ಲ.

ಕುಡಿತವೇ ಕಾರಣವೆನ್ನುವವರಿಗೆ ಚಿತ್ರದೊಳಗೇ ಉತ್ತರವಿದೆ. ಅದು ಮೇರಿ ಡ್ರೆಸ್ಲರ್ ವಹಿಸಿದ ಮಾರ್ತಿಯ ಪಾತ್ರ. ಬಾರ್ಜಿನಲ್ಲಿ ಕ್ರಿಸ್ ಜೊತೆ ಬಾಳುವ ಈ ಹೆಂಗಸು ಕುಡಿತದಲ್ಲಿ ಅವನಿಗೆ ಸಾಟಿ. ಅಂಗಡಿಯಲ್ಲಿ ಅನ್ನಾಳನ್ನು ನೋಡಿದ ಕೂಡಲೇ ಅವಳು ಯಾರು, ಏನಾಗಿದ್ದಾಳೆ ಎಂಬುದು ಇವಳಿಗೆ ಗೊತ್ತಾಗಿಬಿಡುತ್ತದೆ. ಆಡಿಕೊಳ್ಳುವುದಿಲ್ಲ, ಹಕ್ಕು ಕೇಳುವುದಿಲ್ಲ, ಮಗಳಿಗೆ ಜಾಗ ಬಿಟ್ಟು ಬಾರ್ಜಿನಿಂದ ಹೊರಟುಹೋಗುತ್ತಾಳೆ. ಕುಡಿದವರಿಗೂ ಕರ್ತವ್ಯ ಕಾಣಬಲ್ಲದು. ನಾಟಕದಲ್ಲಿ ಮೊದಲ ಅಂಕಕ್ಕೇ ಮರೆಯಾಗುವ ಈ ಪಾತ್ರವನ್ನು ಚಿತ್ರಕಥೆ ಬರೆದ ಫ್ರಾನ್ಸಿಸ್ ಮೇರಿಯನ್ ಕೋನಿ ಐಲೆಂಡ್‌ನ ದೃಶ್ಯದಲ್ಲಿ ಮತ್ತೆ ಕರೆತರುತ್ತಾಳೆ. ಮೂಲಕ್ಕೆ ಮಾಡಿದ ಬದಲಾವಣೆಗಳಲ್ಲಿ ಇದು ಅತ್ಯುತ್ತಮವಾದುದು.

ಮೂರನೆಯ ಅಂಕದ ನಿವೇದನೆಯ ದೃಶ್ಯಕ್ಕೆ ಬರೋಣ. ಕಡಲಿನಿಂದ ಬದುಕಿ ಬಂದ ಐರಿಷ್ ನಾವಿಕ ಮ್ಯಾಟ್ ಬರ್ಕ್ (ಚಾರ್ಲ್ಸ್ ಬಿಕ್‌ಫರ್ಡ್) ಅನ್ನಾಳನ್ನು ಮದುವೆಯಾಗಬೇಕೆನ್ನುತ್ತಾನೆ, ತಂದೆ ಬೇಡವೆನ್ನುತ್ತಾನೆ. ಅವಳು ಯಾರಿಗೆ ಸೇರಬೇಕೆಂದು ಗಂಡಸರಿಬ್ಬರೂ ಅವಳೆದುರೇ ಜಗ್ಗಾಡುತ್ತಾರೆ. ತಾನು ಯಾರ ಸೊತ್ತೂ ಅಲ್ಲ ಎಂದು ಸಿಡಿದೆದ್ದ ಅನ್ನಾ ತನ್ನ ಹಿಂದಿನದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತಾಳೆ. ತಂದೆಯ ಮೇಲೆ ಅವಳು ಹೊರಿಸುವ ಆರೋಪದಲ್ಲಿ ಕುಡಿತದ ಮಾತಿಲ್ಲ. ನೀನು ನನ್ನನ್ನು ಅಲ್ಲಿ ಬಿಟ್ಟೆ, ಒಮ್ಮೆಯೂ ಬರಲಿಲ್ಲ ಎಂಬುದಷ್ಟೇ ಅವಳ ದೂರು. ಕೇಳಿದ ಗಂಡಸರು ಮಾಡುವುದಾದರೂ ಏನು? ಇಬ್ಬರೂ ದಡಕ್ಕೆ ಹೋಗಿ ಕುಡಿಯುತ್ತಾರೆ. ಮೊದಲ ದೃಶ್ಯದಲ್ಲಿ ವಿಸ್ಕಿ ಕೇಳಿದವಳು ಈಗ ಬಾರ್ಜಿನಲ್ಲಿ ಒಬ್ಬಳೇ ಕಾಯುತ್ತಾಳೆ.

ಕೊನೆಯಲ್ಲಿ ಕ್ರಿಸ್ ಹಡಗೊಂದಕ್ಕೆ ಸೇರಿಕೊಂಡು ಬರುತ್ತಾನೆ. ತನ್ನ ಸಂಬಳ ಮಗಳ ಕೈಸೇರುವಂತೆ ಏರ್ಪಾಡು ಮಾಡಿರುವುದೇ ಅವನ ಪ್ರಾಯಶ್ಚಿತ್ತ. ಮ್ಯಾಟ್ ಕೂಡ ಅದೇ ಹಡಗಿಗೆ ಸೇರಿದ್ದಾನೆಂಬ ಯೋಗಾಯೋಗವನ್ನು ಕಂಡ ಅಂದಿನ ವಿಮರ್ಶಕರು ಇದನ್ನು ಸುಖಾಂತವೆಂದು ಹಳಿದರು. ಅದಕ್ಕೆ ಉತ್ತರವಾಗಿ ಓನೀಲ್ ‘ನ್ಯೂಯಾರ್ಕ್ ಟೈಮ್ಸ್’ಗೆ ಪತ್ರವನ್ನೇ ಬರೆಯಬೇಕಾಯಿತು. ನಾಟಕಕ್ಕೆ 1922ರ ಪುಲಿಟ್ಜರ್ ಬಂದರೂ ಆ ಅಪವಾದ ಅಳಿಯಲಿಲ್ಲ. ನನ್ನ ದೃಷ್ಟಿಯಲ್ಲಿ ವಿಮರ್ಶಕರು ನೋಡಬೇಕಾದದ್ದನ್ನು ನೋಡಲಿಲ್ಲ. ಬಿಟ್ಟುಹೋದ ತಪ್ಪಿಗೆ ಈ ತಂದೆ ಕಂಡುಕೊಂಡ ಪರಿಹಾರ ಮತ್ತೆ ಬಿಟ್ಟುಹೋಗುವುದೇ. ಇದರಲ್ಲಿ ಸುಖ ಎಲ್ಲಿದೆ?

ಕೃತಿಕಾರನ ಬಾಳನ್ನು ಕೃತಿಗೆ ಗಂಟುಹಾಕುವ ಅಭ್ಯಾಸ ನನ್ನದಲ್ಲ. ಆದರೂ ಇಲ್ಲಿ ಒಂದು ಸಂಗತಿಯನ್ನು ಬಿಡಲಾಗದು. ಯೌವನದಲ್ಲಿ ನ್ಯೂಯಾರ್ಕ್ ಬಂದರಿನ ಅಗ್ಗದ ಹೆಂಡದಂಗಡಿಯೊಂದರಲ್ಲೇ ಬೀಡುಬಿಟ್ಟು ವಿಪರೀತ ಕುಡಿಯುತ್ತಿದ್ದ ಓನೀಲ್ 1926ರ ಸುಮಾರಿಗೆ ಆ ಚಟವನ್ನು ಬಹುಮಟ್ಟಿಗೆ ಬಿಟ್ಟಿದ್ದ. ಮಗಳು ಊನಾಳಿಗೆ ಮೂರು ತುಂಬುವ ಮೊದಲೇ ಅವನು ಮನೆ ತೊರೆದು ಹೋದ. 1943ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಅವಳು ಐವತ್ತನಾಲ್ಕರ ಚಾರ್ಲಿ ಚಾಪ್ಲಿನ್‌ನನ್ನು ಮದುವೆಯಾದಾಗ ಮಗಳೊಂದಿಗಿನ ಸಂಬಂಧವನ್ನೇ ಕಡಿದುಕೊಂಡ. 1953ರ ನವೆಂಬರಿನಲ್ಲಿ ಬಾಸ್ಟನ್ನಿನ ಹೋಟೆಲೊಂದರಲ್ಲಿ ತೀರಿಕೊಳ್ಳುವವರೆಗೂ ಅವನು ಅವಳ ಮುಖ ನೋಡಲಿಲ್ಲ.